ಡ್ಯಾಶ್‌ಬೋರ್ಡ್ ಬಿಚ್ಚಿದ ಭಾನುವಾರ

ಲ್ಯಾಬಿನಲ್ಲಿ ಅವಳಿಗೆ ಸೋಪಕ್ಕ ಎಂದು ಹೆಸರಿಟ್ಟವರೆಲ್ಲ ಒಬ್ಬೊಬ್ಬರಾಗಿ ಕೆಲಸ ಬಿಟ್ಟು ಹೋಗಿದ್ದರು. ಹೆಸರು ಮಾತ್ರ ಉಳಿದಿತ್ತು. ದಂತವೈದ್ಯರು ಕಳಿಸುವ ಅಚ್ಚುಗಳನ್ನಿಟ್ಟುಕೊಂಡು ಕಟ್ಟುಹಲ್ಲಿನ ಸೆಟ್ಟು ಮಾಡುವುದು ಅವಳ ಕೆಲಸ. ಊರಿನ ಯಾರ್ಯಾರದೋ ಒಸಡು, ಸವೆದ ದವಡೆಹಲ್ಲು, ಸೊಟ್ಟ ಅಂಗುಳು ದಿನವೂ ಅವಳ ಮೇಜಿನ ಮೇಲೆ ಸಾಲಾಗಿ ಕೂತಿರುತ್ತಿದ್ದವು. ಅಚ್ಚು ಮುಟ್ಟುವ ಮೊದಲೊಮ್ಮೆ, ಮುಟ್ಟಿದ ಮೇಲೊಮ್ಮೆ ಮೊಣಕೈವರೆಗೆ ಸಾಬೂನು ಹಚ್ಚಿ ತೊಳೆಯುವಳು. ನಲ್ಲಿಯ ತಿರುಪನ್ನೂ ತೊಳೆದೇ ನಿಲ್ಲಿಸುವಳು. ಇಷ್ಟು ಹೇಸುವವಳು ಈ ಕೆಲಸಕ್ಕೇ ಯಾಕೆ ಬಂದೆ ಎಂದು ಯಾರಾದರೂ ಕೇಳಿದರೆ, "ಇಲ್ಲಿ ಕೊಳೆ ಎಲ್ಲಿದೆ ಅಂತ ಮೊದಲೇ ಗೊತ್ತಿರುತ್ತೆ, ತೊಳೆದ್ರೆ ಹೋಗುತ್ತೆ" ಅನ್ನುವಳು.

ಹನ್ನೊಂದೇ ತಿಂಗಳಿಗೆ ಗಂಡನ ಮನೆ ಬಿಟ್ಟು ಬಂದದ್ದಕ್ಕೂ ನೆಂಟರು ಇದೇ ಕಾರಣ ಹೇಳಿ ನಗುತ್ತಿದ್ದರು. ಅವನು ಬಚ್ಚಲಲ್ಲಿ ಉಗುಳಿ ನೀರು ಹಾಕಲಿಲ್ಲವಂತೆ, ಅಷ್ಟಕ್ಕೇ ಹೊರಟು ಬಂದಳಂತೆ ಎಂದು. ನಡೆದದ್ದು ಬೇರೆ. ಅವನ ಕೆಲಸ ಹೋಗಿ ನಾಲ್ಕು ತಿಂಗಳಾಗಿತ್ತು. ಆದರೂ ದಿನಾ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಅವಳ ಕೈಯಲ್ಲಿ ಊಟದ ಡಬ್ಬಿ ಕಟ್ಟಿಸಿಕೊಂಡು ಹೊರಡುತ್ತಿದ್ದ. ಪಾರ್ಕಿನ ಬೆಂಚಿನ ಮೇಲೆ ಕೂತು ತಿಂದು ಸಂಜೆ ಖಾಲಿ ಡಬ್ಬಿ ತಂದುಕೊಟ್ಟು, "ಆಫೀಸಲ್ಲಿ ಎಲ್ಲರೂ ನಿನ್ನ ಅಡುಗೆ ಹೊಗಳಿದ್ರು" ಅನ್ನುತ್ತಿದ್ದ. ಕೆಲಸ ಹೋದದ್ದು ತಿಳಿದಾಗ ಅವಳಿಗೆ ಅಯ್ಯೋ ಅನ್ನಿಸಿತು. ಆದರೆ ಆ ಹೊಗಳಿಕೆ ನೆನಪಾದರೆ ಇಷ್ಟು ವರ್ಷದ ಮೇಲೂ ಎದ್ದು ಹೋಗಿ ಬಾಯಿ ಮುಕ್ಕಳಿಸುವಳು.

ಅವಳಿಗೆ ಐವತ್ತು ತುಂಬುವ ಹೊತ್ತಿಗೆ ಲ್ಯಾಬು ಊರಾಚೆಯ ಹೊಸ ಕಟ್ಟಡಕ್ಕೆ ಹೋಯಿತು. ಎರಡು ಬಸ್ಸು ಬದಲಿಸಬೇಕು. ಸಾವಿರ ಕೈ ಹಿಡಿದ ಕಂಬಿಯನ್ನು ಕರವಸ್ತ್ರ ಸುತ್ತಿ ಹಿಡಿದು ಒಂದು ವರ್ಷ ಓಡಾಡಿದಳು. ಆಗ ಭಾವ, ಅವಳ ಒಡಹುಟ್ಟಿದ ಅಕ್ಕನ ಗಂಡ, ತಾನೇ ಮುಂದೆ ಬಂದು ತನ್ನ ಕಾರು ಕೊಡುತ್ತೇನೆಂದ.

"ಹೊಸದು ತಗೊಳ್ತಾ ಇದ್ದೀನಮ್ಮ. ಇದನ್ನ ಹೊರಗಿನವರಿಗೆ ಯಾಕೆ ಕೊಡ್ಲಿ? ಹೂವಿನ ಹಾಗೆ ನೋಡ್ಕೊಂಡಿದ್ದೀನಿ. ನಮ್ಮವರಿಗೇ ಸಿಗ್ಲಿ" ಎಂದ.

ಕಾರಿಗೆ ಹೊಸ ಕಾರ್ಪೆಟ್ಟು, ಹೊಸ ಸೀಟಿನ ಕವರು ಹಾಕಿಸಿದ್ದ. ಸ್ಟಿಯರಿಂಗಿನ ಪಕ್ಕದಲ್ಲಿ ಹಣ್ಣಿನ ವಾಸನೆಯ ಸೆಂಟಿನ ಬಾಟಲಿ. ಆ ವಾಸನೆಗೆ ಅವಳ ತಲೆ ಸಿಡಿಯುತ್ತಿತ್ತು, ಆದರೂ ಕೊಟ್ಟವರ ಮನಸ್ಸು ನೋಯಬಾರದೆಂದು ಎರಡು ವಾರ ಹಾಗೇ ಇಟ್ಟುಕೊಂಡಳು. ಮಾಮೂಲಿ ಸೆಕೆಂಡ್‌ಹ್ಯಾಂಡ್ ವ್ಯಾಪಾರದಂತೆ ಚೌಕಾಸಿ ಮಾಡದೆ ಅವನು ಹೇಳಿದಷ್ಟು ದುಡ್ಡು ಕೊಟ್ಟಳು. ಭಾವನಿಗೆ ಒಂದು ಒಳ್ಳೆಯ ಕೈಗಡಿಯಾರ ತಂದುಕೊಟ್ಟಳು. ಲ್ಯಾಬಿನಲ್ಲಿ ಸಿಕ್ಕಸಿಕ್ಕವರ ಮುಂದೆ, "ನಮ್ಮ ಭಾವನಂಥವರು ಹುಡುಕಿದ್ರೂ ಸಿಗಲ್ಲ" ಎಂದಳು. ಯಾರನ್ನೂ ಅಷ್ಟು ಸುಲಭವಾಗಿ ಹೊಗಳುವವಳಲ್ಲ ಅವಳು.

ಕಾರಿನಲ್ಲಿ ಅವಳಿಗಿದ್ದ ತಕರಾರು ಒಂದೇ, ಸ್ಟೀರಿಯೊ. ಕಂಪನಿಯೇ ಕೂರಿಸಿದ ಸೆಟ್ಟು. ರೇಡಿಯೊ ಹಾಡುತ್ತಿತ್ತು, ಸಿ.ಡಿ. ಹಾಡುತ್ತಿತ್ತು, ಫೋನಿನ ತಂತಿ ಸಿಕ್ಕಿಸಲು ತೂತು ಮಾತ್ರ ಇರಲಿಲ್ಲ. ಬಸ್ಸಿನಲ್ಲಿ ಓಡಾಡುವಾಗ ಅವಳು ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಕೊಲೆಯ ಕಥೆ ಕೇಳುತ್ತಿದ್ದಳು. ನಿವೃತ್ತ ವಕೀಲನೊಬ್ಬ ಗೊಗ್ಗರು ದನಿಯಲ್ಲಿ, ಯಾರು ಯಾರನ್ನು ಯಾಕೆ ಮುಗಿಸಿದರು ಎಂದು ಕಂತು ಕಂತಾಗಿ ಹೇಳುತ್ತಿದ್ದ. ಬಾವಿಗೆ ತಳ್ಳಿದ್ದು, ವಿಷ ಬೆರೆಸಿದ್ದು ಇದ್ಯಾವುದಕ್ಕೂ ಅವಳಿಗೆ ಹೇಸಿಗೆಯಿಲ್ಲ. ರೇಡಿಯೊದವರು ತಮ್ಮ ಜೋಕಿಗೆ ತಾವೇ ಕಿಸಿಕಿಸಿ ನಗುವುದನ್ನು ಮಾತ್ರ ಸಹಿಸಲಾಗುತ್ತಿರಲಿಲ್ಲ. ಒಂದು ದಿನ ಇಯರ್‌ಫೋನ್ ಹಾಕಿಕೊಂಡೇ ಕಾರು ಓಡಿಸಿದಳು. ಹಿಂದೆ ಆಂಬುಲೆನ್ಸ್ ಬಂದು ಬೊಬ್ಬೆ ಹೊಡೆಯುತ್ತಿದ್ದದ್ದು ಕನ್ನಡಿಯಲ್ಲಿ ಕಾಣುವವರೆಗೂ ಗೊತ್ತಾಗಲಿಲ್ಲ. ಅವತ್ತಿಗೆ ಅದನ್ನು ಬಿಟ್ಟಳು.

ಕಾರಿನ ಸಾಮಾನು ಮಾರುವ ಅಂಗಡಿಗೆ ಹೋದಳು. ಅಂಗಡಿಯವನು ಬೀಗದ ಕೈಯಿಂದ ಕಿವಿ ಕೆರೆಯುತ್ತ ಬಂದು, ತುದಿ ಒಮ್ಮೆ ನೋಡಿ, ಪ್ಯಾಂಟಿಗೆ ಒರೆಸಿ, ಅದೇ ಕೈಯನ್ನು ಅವಳ ಸ್ಟಿಯರಿಂಗಿನ ಮೇಲಿಟ್ಟ.

"ಇದನ್ನ ಕಿತ್ತು ಬಿಸಾಕಿ ಮೇಡಂ. ದೊಡ್ಡ ಸ್ಕ್ರೀನಿಂದು ಹಾಕಿಕೊಡ್ತೀನಿ."

"ನಂಗೆ ಸ್ಕ್ರೀನ್ ಬೇಡ. ಇದಕ್ಕೇ ಒಂದು ತಂತಿ ಸಿಕ್ಕಿಸೋ ಹಾಗೆ ಮಾಡಿಕೊಡಿ."

"ಕಂಪನಿ ಸೆಟ್ಟಿಗೆ ಅದೆಲ್ಲ ಆಗಲ್ಲ. ಆಗೋದಾಗಿದ್ರೆ ಕಂಪನಿಯವರೇ ಕೊಡ್ತಿರಲಿಲ್ವಾ? ಇಲ್ಲಿಂದ ಇಲ್ಲಿವರೆಗೆ ಪ್ಲಾಸ್ಟಿಕ್ ಕತ್ತರಿಸಿದ್ರೆ ಹೊಸದು ಕೂರುತ್ತೆ" ಎಂದು ಅದೇ ಬೀಗದ ಕೈಯಿಂದ ಗೆರೆ ಎಳೆದು ತೋರಿಸಿದ.

ಅವಳು ಕಾರು ತಿರುಗಿಸಿದಳು. ಮನೆಗೆ ಬಂದು ಸ್ಟಿಯರಿಂಗನ್ನು ಸ್ಪಿರಿಟ್ ಹಾಕಿ ಮೂರು ಸಲ ಒರೆಸಿದಳು.

ಆ ವಾರವೆಲ್ಲ ಸಂಜೆ ಕೂತು ಓದಿದಳು. ಇದೇ ಕಾರಿನ ಸೆಟ್ಟನ್ನು ಬಿಚ್ಚಿದವನೊಬ್ಬ ವಿಡಿಯೊ ಹಾಕಿದ್ದ. ಉಪಾಯ ಸರಳವಾಗಿತ್ತು. ಸಿ.ಡಿ. ಓದುವ ಭಾಗದಿಂದ ದನಿ ಎರಡು ಸಣ್ಣ ದಾರಿಯಲ್ಲಿ, ಎಡದ್ದೊಂದು ಬಲದ್ದೊಂದು, ದೊಡ್ಡ ಬೋರ್ಡಿಗೆ ಬರುತ್ತದೆ. ಆ ದಾರಿಯನ್ನು ನಡುವೆ ಕಡಿದು ಒಂದು ಜ್ಯಾಕ್, ಅಂದರೆ ಫೋನಿನ ತಂತಿ ಸಿಕ್ಕಿಸುವ ತೂತು, ಕೂರಿಸಬೇಕು. ಜ್ಯಾಕಿನಲ್ಲಿ ಏನೂ ಇಲ್ಲದಿದ್ದರೆ ಸಿ.ಡಿ. ಎಂದಿನಂತೆ ಹಾಡುತ್ತದೆ, ಫೋನಿನ ತಂತಿ ಚುಚ್ಚಿದೊಡನೆ ಸಿ.ಡಿ.ಯ ದನಿ ಕಡಿದು ಫೋನಿನದು ಹೋಗುತ್ತದೆ. ಆದರೆ ಸೆಟ್ಟಿನೊಳಗೆ ಸಿ.ಡಿ. ತಿರುಗುತ್ತಲೇ ಇರಬೇಕು, ಇಲ್ಲದಿದ್ದರೆ ಅದು ಆ ದಾರಿಯನ್ನು ತೆರೆಯುವುದಿಲ್ಲ. ಅದಕ್ಕೆಂದು ಅವಳು ಒಂದು ಗಂಟೆಯ ಮೌನವನ್ನು ಸಿ.ಡಿ.ಗೆ ತುಂಬಿಸಿ ಇಟ್ಟುಕೊಂಡಳು.

ಅಕ್ಕಿಕಾಳಿನಷ್ಟು ಹಲ್ಲನ್ನು ಕೂದಲೆಳೆಯಷ್ಟು ತೇದು ಕೂರಿಸುವ ಕೈಗೆ ಇದೇನೂ ದೊಡ್ಡದಲ್ಲ. ಡ್ಯಾಶ್‌ಬೋರ್ಡಿನ ಪಟ್ಟಿಗಳನ್ನು ಗೀರು ಬೀಳದಂತೆ ಎಬ್ಬಿಸಲು ಕಟ್ಟುಹಲ್ಲಿನ ಗುಲಾಬಿ ಅಕ್ರಿಲಿಕ್ಕಿನಿಂದಲೇ ಎರಡು ಚಪ್ಪಟೆ ಉಳಿ ಮಾಡಿಕೊಂಡಳು. ಸಣ್ಣ ಮೂತಿಯ ಬೆಸುಗೆ ಕಡ್ಡಿ ಕೊಂಡಳು. ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ, ಕೈಗವಸು ತೊಟ್ಟು, ಬಿಲ್ಡಿಂಗಿನ ಕೆಳಗಿನ ಕಾರ್ ಪಾರ್ಕಿಗೆ ಇಳಿದಳು.

ಮೊದಲು ಬ್ಯಾಟರಿಯ ತಂತಿ ಬಿಚ್ಚಿದಳು. ಗೇರಿನ ಸುತ್ತಲ ಚೌಕಟ್ಟು ಎದ್ದು ಬಂತು. ಅದರ ಕೆಳಗೆ ಕಡಲೆಬೀಜದ ಸಿಪ್ಪೆ, ಹಲ್ಲುಕಡ್ಡಿ, ಅಗಿದು ಅಂಟಿಸಿದ ಚೂಯಿಂಗ್ ಗಮ್ಮು. ಅದರ ಮೇಲೆ ಭಾವನ ಹಲ್ಲಿನ ಗುರುತು ಅಚ್ಚೊತ್ತಿದಂತೆ ಉಳಿದಿತ್ತು. ಕತ್ತರಿಸಿದ ಉಗುರಿನ ಚೂರುಗಳೂ ಇದ್ದವು, ಎಣಿಸಿದರೆ ಹತ್ತಿಪ್ಪತ್ತು. ಹೂವಿನ ಹಾಗೆ ನೋಡಿಕೊಂಡದ್ದು ಇದು. ಅವಳು ಮೂಗು ಮುರಿದು, ಇಕ್ಕಳದಿಂದ ಒಂದೊಂದಾಗಿ ಎತ್ತಿ ಕವರಿಗೆ ಹಾಕಿದಳು. ಗಂಡಸರ ಕಾರಲ್ಲವೇ, ಇರಲಿ ಎಂದುಕೊಂಡಳು.

ಎ.ಸಿ. ಗುಂಡಿಗಳ ಪಟ್ಟಿ ಬಂತು. ನಾಲ್ಕು ತಿರುಪು ತೆಗೆದು ಸೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಎಳೆದಳು. ಅದು ಬಂದೊಡನೆ ಒಳಗಿನಿಂದ ಒಂದು ವಾಸನೆ ಅವಳ ಮುಖಕ್ಕೆ ಬಡಿಯಿತು. ಬಚ್ಚಲ ಮೋರಿಯ ಮುಚ್ಚಳ ತೆಗೆದಾಗ ಬರುವಂಥದ್ದು. ಇಷ್ಟು ದಿನ ಸೆಂಟಿನ ಅಡಿಯಲ್ಲಿ ಏನೋ ಇದೆ ಎಂದು ಅವಳ ಮೂಗಿಗೆ ಅನ್ನಿಸುತ್ತಲೇ ಇತ್ತು, ಅದೇ ಇದು.

ಟಾರ್ಚು ಹಾಕಿ ನೋಡಿದಳು. ಸೆಟ್ಟು ಕೂತಿದ್ದ ಜಾಗಕ್ಕಿಂತ ಎರಡು ಬೆರಳು ಕೆಳಗೆ, ಒಳಗಿನ ಲೋಹದ ಮೇಲೆ, ಈ ತುದಿಯಿಂದ ಆ ತುದಿಗೆ ನೇರವಾಗಿ ಒಂದು ಕಂದು ಗೆರೆ. ಗೆರೆಯ ಮೇಲೆ ಲೋಹ ಹೊಳೆಯುತ್ತಿತ್ತು. ಗೆರೆಯ ಕೆಳಗೆಲ್ಲ ತುಕ್ಕು. ತಂತಿಗಳ ಮೇಲೆ ಒಣಗಿದ ಕೆಸರು ಬಿಸ್ಕತ್ತಿನಂತೆ ಪದರ ಕಟ್ಟಿತ್ತು. ಮುಟ್ಟಿದರೆ ಪುಡಿಯಾಗಿ ಹೊಸ ಕಾರ್ಪೆಟ್ಟಿನ ಮೇಲೆ ಉದುರಿತು. ಒಂದು ತಂತಿಯ ಗಂಟಿಗೆ ಹುರುಳಿಕಾಳಿನಷ್ಟು ಸಣ್ಣ ಬಸವನಹುಳುವಿನ ಚಿಪ್ಪು ಕಚ್ಚಿಕೊಂಡಿತ್ತು.

ಚೆಲ್ಲಿದ ನೀರಿನಲ್ಲಿ ಬಸವನಹುಳು ಬರುವುದಿಲ್ಲ. ಈ ಕಾರು ಚರಂಡಿ ನೀರಿನಲ್ಲಿ ಎದೆಮಟ್ಟ ಮುಳುಗಿ ನಿಂತಿತ್ತು. ಎರಡು ವರ್ಷದ ಹಿಂದೆ ಹೊಳೆ ಉಕ್ಕಿ ಊರ ಕೆಳಭಾಗದ ಕಟ್ಟಡಗಳ ನೆಲಮಾಳಿಗೆಯೆಲ್ಲ ತುಂಬಿದ್ದು, ಭಾವನ ಆಫೀಸು ಅಲ್ಲೇ ಇರುವುದು, ಎಲ್ಲ ಒಂದೊಂದಾಗಿ ತಲೆಗೆ ಬಂತು. ಹೊಸ ಕಾರ್ಪೆಟ್ಟು ಯಾಕೆ ಬಂತು, ಹೊಸ ಸೀಟಿನ ಕವರು ಯಾಕೆ ಬಂತು ಎಂಬುದೂ.

ಅವಳು ಹೊರಗೆ ಬಂದು ಗೋಡೆಗೆ ಒರಗಿ ನಿಂತಳು. ಕೆಸರನ್ನು ಕಂಡದ್ದಕ್ಕಿಂತ, ಆ ಮನುಷ್ಯನನ್ನು ಲ್ಯಾಬು ತುಂಬ ಹೊಗಳಿಕೊಂಡು ತಿರುಗಿದ ತನ್ನ ಬಾಯಿಯ ಮೇಲೇ ಹೆಚ್ಚು ಹೇಸಿಗೆಯಾಯಿತು. ಕೈಗಡಿಯಾರದ ಪೆಟ್ಟಿಗೆಗೆ ಬಣ್ಣದ ಕಾಗದ ಸುತ್ತಿ ರಿಬ್ಬನ್ ಕಟ್ಟಿದ್ದಳು. ಅವನು ಅದನ್ನು ಬಿಚ್ಚುವಾಗ, "ಇದೆಲ್ಲ ಯಾಕಮ್ಮ" ಎಂದು ನಾಚಿಕೊಂಡಿದ್ದ.

ಫೋಟೊ ತೆಗೆದಳು. ಆಮೇಲೆ ಬಕೆಟ್ಟು, ಬ್ರಷ್ಷು, ಸ್ಪಿರಿಟ್ಟು ತಂದಳು. ಕೈ ಹೋಗುವ ಕಡೆಯೆಲ್ಲ ಕೆಸರು ಕೆರೆದು ತೆಗೆದಳು. ಕಾರು ಹಾಳಾಗಿ ಹೋಗಲಿ ಎಂದು ಬಿಟ್ಟು ಹೋಗುವುದು ಅವಳಿಂದಾಗುತ್ತಿರಲಿಲ್ಲ. ಬಿಚ್ಚಿದ ಮೇಲೆ ಕೆಲಸ ಮುಗಿಸಲೇಬೇಕು. ಸೆಟ್ಟನ್ನು ಮೇಲೆ ಮನೆಗೆ ಒಯ್ದು ಊಟದ ಮೇಜಿನ ಮೇಲೆ ಕಾಗದ ಹಾಸಿ ಬಿಚ್ಚಿದಳು. ನೀರು ಅದನ್ನು ಮುಟ್ಟಿರಲಿಲ್ಲ, ಒಳಗೆ ಎಲ್ಲ ಶುಭ್ರವಾಗಿತ್ತು. ಅದನ್ನು ಕಂಡು ಅವಳಿಗೆ ಅವತ್ತು ಮೊದಲ ಸಲ ಉಸಿರು ಸಲೀಸಾಯಿತು. ಬೋರ್ಡಿನ ಮೇಲೆ ಎಡ, ಬಲಗಳ ಅಕ್ಷರ ಅಚ್ಚಾಗಿತ್ತು. ಭೂತಗನ್ನಡಿ ಹಾಕಿಕೊಂಡು ಎರಡೂ ದಾರಿ ಕಡಿದು, ಕೂದಲಿನಂಥ ತಂತಿಗಳನ್ನು ಬೆಸೆದು, ಒಂದೊಂದನ್ನೂ ಮೆಲ್ಲಗೆ ಎಳೆದು ನೋಡಿದಳು. ಬೆಸುಗೆ ಗುಂಡಗೆ ಹೊಳೆಯುತ್ತಿತ್ತು. ತಂತಿ ಜಗ್ಗಿದರೆ ಬೆಸುಗೆಗೆ ಪೆಟ್ಟಾಗದಂತೆ ಅದನ್ನು ಸೆಟ್ಟಿನ ಚೌಕಟ್ಟಿಗೆ ಕಟ್ಟಿದಳು. ಗೇರಿನ ಪಕ್ಕ ಯಾವುದಕ್ಕೂ ಜೋಡಿಸದ ಖಾಲಿ ಸ್ವಿಚ್ಚಿನ ಮುಚ್ಚಳವೊಂದಿತ್ತು. ಅದರ ನಡುವೆ ಸಣ್ಣ ತೂತು ಕೊರೆದು ಜ್ಯಾಕ್ ಕೂರಿಸಿದಳು. ಕಂಪನಿಯವರೇ ಇಟ್ಟಂತೆ ಕಂಡಿತು.

ಎಲ್ಲ ಜೋಡಿಸಿ ಬ್ಯಾಟರಿ ಕೂಡಿಸಿದಾಗ ಮಧ್ಯಾಹ್ನ ಎರಡು ಗಂಟೆ. ಸೆಟ್ಟು ಹೊತ್ತಿಕೊಂಡಿತು. ಆದರೆ ಹಾಡಲಿಲ್ಲ, ಕೋಡ್ ಕೇಳಿತು. ಕಳ್ಳತನ ತಪ್ಪಿಸಲು ಕಂಪನಿಯವರು ಇಟ್ಟ ನಾಲ್ಕಂಕಿಯ ಬೀಗ ಅದು. ಬ್ಯಾಟರಿ ಬಿಚ್ಚಿದರೆ ತಾನಾಗಿ ಬೀಳುತ್ತದೆ. ಅಂಕಿ ಬರೆದ ಕಾರ್ಡು ಕಾರಿನ ಪುಸ್ತಕದ ಜೊತೆ ಇರಬೇಕಿತ್ತು, ಇರಲಿಲ್ಲ. ಭಾವನ ಮನೆಯಲ್ಲೇ ಉಳಿದಿರಬೇಕು. ಫೋನು ಮಾಡಬಹುದಿತ್ತು. ಅವಳು ಕೈ ತೊಳೆದು, ಬಟ್ಟೆ ಬದಲಿಸಿ, ಬಸವನಹುಳುವಿನ ಚಿಪ್ಪನ್ನು ಮಾತ್ರೆಯ ಡಬ್ಬಿಗೆ ಹಾಕಿಕೊಂಡು ಹೊರಟಳು.

ಭಾವ ಟಿ.ವಿ. ಮುಂದೆ ಕೂತು, ಟೀಪಾಯಿಯ ಮೇಲೆ ಕಾಲಿಟ್ಟು ಉಗುರು ಕತ್ತರಿಸುತ್ತಿದ್ದ. ಅಕ್ಕ ಅದೇ ಟೀಪಾಯಿಯ ಇನ್ನೊಂದು ತುದಿಗೆ ಕಾಫಿ ತಂದಿಟ್ಟಳು.

"ಕೋಡ್ ಕಾರ್ಡಾ? ಇರಬೇಕು ನೋಡೇ, ಆ ಡ್ರಾಯರಲ್ಲಿ" ಎಂದ ಹೆಂಡತಿಗೆ. ಆಮೇಲೆ ನಾದಿನಿಯ ಕಡೆ ತಿರುಗಿ, "ಬ್ಯಾಟರಿ ಯಾಕಮ್ಮ ಬಿಚ್ಚಿದೆ?"

"ಸ್ಟೀರಿಯೊ ಬಿಚ್ಚಬೇಕಿತ್ತು ಭಾವ. ಫೋನಿನ ತಂತಿ ಹಾಕಿಕೊಂಡೆ."

"ನೀನೇ?" ಅವನ ಕತ್ತರಿ ನಿಂತಿತು. "ಅದನ್ನೆಲ್ಲ ಯಾಕೆ ಬಿಚ್ಚೋಕೆ ಹೋದೆ? ನನ್ನನ್ನ ಒಂದು ಮಾತು ಕೇಳಬಾರದಿತ್ತಾ?"

ಅವಳು ಡಬ್ಬಿ ತೆಗೆದು ಚಿಪ್ಪನ್ನು ಟೀಪಾಯಿಯ ಮೇಲೆ ಸುರಿದಳು. ಉಗುರಿನ ಚೂರುಗಳ ಪಕ್ಕದಲ್ಲಿ ಅದು ಉರುಳಿ ನಿಂತಿತು.

"ಇದು ಒಳಗಿತ್ತು" ಎಂದಳು.

ಭಾವ ಅದನ್ನು ನೋಡಿದ. ಟಿ.ವಿ.ಯ ದನಿ ಕಡಿಮೆ ಮಾಡಿದ. "ಅಯ್ಯೋ, ಇಷ್ಟಕ್ಕೆ ಮುಖ ಯಾಕೆ ಹಾಗೆ ಮಾಡ್ಕೊಂಡಿದ್ದೀಯ? ಸ್ವಲ್ಪ ನೀರು ಹೋಗಿತ್ತು ಅಷ್ಟೆ. ಎರಡು ದಿನ ನೆಲಮಾಳಿಗೆಯಲ್ಲಿ ನಿಂತಿತ್ತು. ಎಲ್ಲ ಸರಿ ಮಾಡಿಸಿದ್ದೀನಲ್ಲ. ಓಡ್ತಿದೆ ತಾನೇ?"

"ನೀವು ಹೇಳಿದ್ರೆ ನಾನು ತಗೊಳ್ತಿರಲಿಲ್ಲ."

"ಅದಕ್ಕೇ ಹೇಳ್ಲಿಲ್ಲ" ಎಂದು ನಕ್ಕ. ಜೋಕು ಹೇಳಿದವರ ನಗೆ. "ನಿನ್ನ ಸ್ವಭಾವ ಗೊತ್ತಿಲ್ವಾ? ನೀರು ಅಂದಿದ್ರೆ ಕಾರು ಮುಟ್ಟೋದಿರಲಿ, ಈ ರಸ್ತೆಗೇ ಬರ್ತಿರಲಿಲ್ಲ. ಬಸ್ಸಲ್ಲಿ ಒದ್ದಾಡ್ತಿದ್ದೆ, ಪಾಪ ಅಂತ ಕೊಟ್ಟೆ. ಅಷ್ಟು ಬೇಜಾರಾದ್ರೆ ವಾಪಸ್ ಕೊಡು. ನಮ್ಮ ಆಫೀಸಲ್ಲಿ ಒಬ್ಬ ಕೇಳ್ತಿದ್ದಾನೆ. ಹೆಂಡತಿ, ಎರಡು ಚಿಕ್ಕ ಮಕ್ಕಳು. ಅವನಿಗೆ ದಾಟಿಸಿಬಿಡ್ತೀನಿ, ನಿಂಗೂ ತಲೆನೋವಿಲ್ಲ."

ದಾಟಿಸುತ್ತೇನೆ ಎಂದಾಗ ಅವನ ಮುಖದಲ್ಲಿ ನಾಚಿಕೆಯ ಸುಳಿವೂ ಇರಲಿಲ್ಲ. ಉಪಕಾರ ಮಾಡುವವನ ಮುಖವೇ ಇತ್ತು. ಅವಳು ಡ್ರಾಯರಿನ ಹತ್ತಿರ ಬೆನ್ನು ಮಾಡಿ ನಿಂತಿದ್ದ ಅಕ್ಕನ ಕಡೆ ತಿರುಗಿದಳು.

"ಅಕ್ಕ, ನಿಂಗೆ ಗೊತ್ತಿತ್ತಾ?"

ಅಕ್ಕ ಡ್ರಾಯರಿನಲ್ಲಿ ಹುಡುಕುತ್ತಲೇ ಇದ್ದಳು. ಕಾರ್ಡು ಅವಳ ಕೈಗೆ ಆಗಲೇ ಸಿಕ್ಕಿತ್ತು.

"ಅವರು ಹೇಳಬೇಡ ಅಂದ್ರು ಕಣೇ" ಎಂದಳು ಕಡೆಗೆ. "ವಾಸನೆ ಬರ್ತಿತ್ತು ಅಂತ ಸೆಂಟಿನ ಬಾಟಲಿ ತಂದಿಟ್ಟಿದ್ದೂ ನಾನೇ."

ಅವಳು ಕಾರ್ಡನ್ನು ಅಕ್ಕನ ಕೈಯಿಂದ ತೆಗೆದುಕೊಂಡಳು. ಕಾಫಿ ಮುಟ್ಟಲಿಲ್ಲ. "ಕಾರು ವಾಪಸ್ ಕೊಡಲ್ಲ ಭಾವ. ನೀವು ಆ ಮಕ್ಕಳನ್ನ ಇದರಲ್ಲಿ ಕೂರಿಸ್ತೀರಿ" ಎಂದಷ್ಟೇ ಹೇಳಿ ಮೆಟ್ಟಿಲಿಳಿದಳು. ಹಿಂದಿನಿಂದ ಭಾವ, "ನೋಡು, ನೆಂಟಸ್ತಿಕೆ ಅಂತ ಕೊಟ್ಟಿದ್ದಕ್ಕೆ" ಎಂದು ಹೆಂಡತಿಗೆ ಹೇಳುವುದು ಕೇಳಿಸಿತು.

ಕಾರಿನಲ್ಲಿ ಕೂತು ನಾಲ್ಕು ಅಂಕಿ ಒತ್ತಿದಳು. ಮೌನದ ಸಿ.ಡಿ. ಒಳಗೆ ಹೋಯಿತು. ಫೋನಿನ ತಂತಿ ಚುಚ್ಚಿದಳು. ವಕೀಲನ ಗೊಗ್ಗರು ದನಿ ನಾಲ್ಕೂ ಬಾಗಿಲಿನಿಂದ ಸ್ಪಷ್ಟವಾಗಿ, ಒಂದಿಷ್ಟೂ ಗೊರಗೊರ ಇಲ್ಲದೆ ಹೊರಬಂತು. ಅಷ್ಟು ಚೆನ್ನಾಗಿ ಕೆಲಸ ಆಗಿತ್ತು. ಖುಷಿಪಡಬೇಕಾದ ಗಳಿಗೆ. ಅವಳು ಎರಡು ನಿಮಿಷ ಕೇಳಿ ಆರಿಸಿಬಿಟ್ಟಳು.

ಮರುದಿನ ಲ್ಯಾಬಿಗೆ ರಜೆ ಹಾಕಿ, ವಯಸ್ಸಾದ ಮೆಕ್ಯಾನಿಕ್ ಒಬ್ಬರ ಬಳಿ ಕಾರು ಒಯ್ದಳು. ಅವರು ಸೀಟು ಎತ್ತಿ, ಕಾರ್ಪೆಟ್ಟು ಸುರುಳಿ ಸುತ್ತಿ, ಒಂದು ಗಂಟೆ ನೋಡಿದರು. ಏರ್‌ಬ್ಯಾಗಿಗೆ ಹೋಗುವ ಹಳದಿ ತಂತಿಯ ಕೊಂಡಿಯೊಳಗೆ ಹಸಿರು ಕಿಲುಬು ತುಂಬಿತ್ತು.

"ಗುದ್ದಿದ್ರೆ ಬ್ಯಾಗು ಬಿಚ್ಕೊಳ್ತಿರಲಿಲ್ಲಮ್ಮ" ಎಂದರು.

"ಕೆಟ್ಟಿದ್ರೆ ಮೀಟರಲ್ಲಿ ಕೆಂಪು ದೀಪ ಬರಬೇಕಲ್ವಾ?"

ಅವರು ಮೀಟರು ಬಿಚ್ಚಿ ಹಿಂದೆ ಮುಂದೆ ತಿರುಗಿಸಿದರು. ಏರ್‌ಬ್ಯಾಗಿನ ದೀಪದ ಮೇಲೆ ಕಪ್ಪು ಟೇಪಿನ ಸಣ್ಣ ಚೌಕ, ಅಂಚು ನೀಟಾಗಿ ಕತ್ತರಿಸಿ ಅಂಟಿಸಿದ್ದು. ಮೆಕ್ಯಾನಿಕ್ ಅದನ್ನು ಉಗುರಿನಿಂದ ಎಬ್ಬಿಸಿ ಅವಳ ಮುಂದೆ ಹಿಡಿದರು. "ಇದನ್ನ ಅಂಟಿಸಿದವನ ಕೈ ಕತ್ತರಿಸಬೇಕು" ಎಂದು ಸಾವಕಾಶವಾಗಿ ಹೇಳಿ, ಮುಂದಿನ ತಿರುಪಿಗೆ ಹೋದರು.

ಅವಳಿಗೆ ಅವತ್ತು ಸಿಟ್ಟೂ ಬರಲಿಲ್ಲ. ಅಂಚು ಎಷ್ಟು ನೀಟಾಗಿತ್ತು ಎಂಬುದೇ ಕಣ್ಣಿಗೆ ಕಟ್ಟಿತು. ಭಾವನೇ ಕೂತು ಕತ್ತರಿಸಿದನೋ, ಯಾರಿಂದಲಾದರೂ ಮಾಡಿಸಿದನೋ. ಯಾರೋ ಒಬ್ಬರು ಬಹಳ ಶ್ರದ್ಧೆಯಿಂದ ಮಾಡಿದ ಕೆಲಸ ಅದು.

ಕಾರು ರಿಪೇರಿಯಾಗಿ ಬರಲು ಮೂರು ವಾರ ಹಿಡಿಯಿತು. ಭಾವನ ಮನೆಗೆ ಅವಳು ಮತ್ತೆ ಹೋಗಲಿಲ್ಲ. ಅಕ್ಕ ಆರು ತಿಂಗಳು ಫೋನು ಮಾಡಲಿಲ್ಲ. ಒಂದು ದಿನ ಕಣ್ಣಿನ ಆಸ್ಪತ್ರೆಗೆ ಹೋಗಬೇಕು, ಕರೆದುಕೊಂಡು ಹೋಗ್ತೀಯಾ ಎಂದು ಕೇಳಿದಳು. ಅವಳು ಹೋದಳು. ಅಕ್ಕ ಮುಂದಿನ ಸೀಟಿನಲ್ಲಿ ಕೂತು ಬಹಳ ಹೊತ್ತು ಬೆಲ್ಟು ಹಿಡಿದುಕೊಂಡೇ ಇದ್ದಳು.

"ವಾಸನೆ ಹೋಗಿದೆ" ಎಂದಳು.

"ಹ್ಞೂಂ."

"ನಂಗೆ ಹೇಳೋಕೆ ಧೈರ್ಯ ಆಗ್ಲಿಲ್ಲ ಕಣೇ."

"ನೀನು ಒಂದು ಫೋನು ಮಾಡಿದ್ರೆ ಸಾಕಿತ್ತು ಅಕ್ಕ. ನಾನು ದಿನಾ ಇದರಲ್ಲೇ ಓಡಾಡ್ತಿದ್ದೆ."

ಅಕ್ಕ ಅತ್ತಳು. ಅವಳು ಪೆಟ್ಟಿಗೆಯಿಂದ ಟಿಶ್ಯೂ ತೆಗೆದುಕೊಟ್ಟಳು. ಕೈ ಹಿಡಿದುಕೊಳ್ಳಬೇಕೆನ್ನಿಸಿತು, ಆದರೆ ಆಗಲಿಲ್ಲ. ಅವಳ ಕೈ ಗೇರಿನ ಮೇಲೇ ಉಳಿಯಿತು. ಆಮೇಲೆ ತಿಂಗಳಿಗೊಮ್ಮೆ ಕಣ್ಣಿನ ಆಸ್ಪತ್ರೆಗೆ ಅಕ್ಕನನ್ನು ಅವಳೇ ಕರೆದೊಯ್ದಳು. ಹೋಗುವಾಗ ಇಬ್ಬರೂ ವಕೀಲನ ಕಥೆ ಕೇಳುವರು. ಕೊಲೆಗಾರ ಯಾರೆಂದು ಅಕ್ಕ ಪ್ರತಿ ಸಲವೂ ತಪ್ಪಾಗಿ ಊಹಿಸುವಳು.

ನಾಲ್ಕು ವರ್ಷದ ಮೇಲೆ ಕಾರು ಮಾರುವ ಕಾಲ ಬಂತು. ಕೊಳ್ಳಲು ಬಂದವನು ಡ್ರೈವಿಂಗ್ ಸ್ಕೂಲು ನಡೆಸುವವನು. ಅವನು ಬಾನೆಟ್ಟಿಗೆ ಕೈಹಾಕುವ ಮೊದಲೇ ಅವಳು ಕೆಸರಿನ ಫೋಟೊ, ಮೆಕ್ಯಾನಿಕ್ ಕೊಟ್ಟ ಚೀಟಿ, ಎಲ್ಲವನ್ನೂ ಅವನ ಮುಂದಿಟ್ಟಳು. ಅವನು ಒಂದೊಂದನ್ನೂ ಓದಿ, ಬೆಲೆ ಚೆನ್ನಾಗಿಯೇ ಇಳಿಸಿದ. ಅವಳು ಆಗಲಿ ಎಂದಳು. ಸುದ್ದಿ ತಿಳಿದ ಭಾವ, ನಾದಿನಿಗೆ ವ್ಯವಹಾರಜ್ಞಾನ ಒಂಚೂರೂ ಇಲ್ಲ ಎಂದು ನೆಂಟರ ಮುಂದೆಲ್ಲ ಆಡಿಕೊಂಡು ನಕ್ಕನಂತೆ.

ಕೊಳ್ಳುವವನು ಡ್ರೈವರ್ ಸೀಟಿನಲ್ಲಿ ಕೂತು ಗೇರು ಹಾಕಿ ನೋಡುತ್ತಿದ್ದಾಗ, ಬೆರಳು ಜ್ಯಾಕಿನ ಮೇಲೆ ನಿಂತಿತು.

"ಈ ಮಾಡೆಲ್ಲಿಗೆ ಇದು ಬರಲ್ವಲ್ಲ. ಎಲ್ಲಿ ಹಾಕಿಸಿದ್ರಿ?"

"ನಾನೇ ಹಾಕಿದ್ದು."

ಅವನು ಬಗ್ಗಿ ತೂತಿನ ಅಂಚನ್ನು ನೋಡಿದ. "ಚೆನ್ನಾಗಿ ಕೂತಿದೆ" ಎಂದ. ಅವಳು ಸಿ.ಡಿ.ಯ ವಿಷಯ ವಿವರಿಸಿದಳು: ಇದನ್ನು ಒಳಗೆ ಹಾಕಿ ಬಿಡಬೇಕು, ಒಂದು ಗಂಟೆಗೊಮ್ಮೆ ಅದು ತಾನೇ ಮೊದಲಿಗೆ ಬರುತ್ತದೆ, ತೆಗೆದರೆ ದನಿ ನಿಲ್ಲುತ್ತದೆ. ಮಧ್ಯೆ ಎಲ್ಲಾದರೂ ಬ್ಯಾಟರಿ ಬಿಚ್ಚಿದರೆ ಬೇಕಾಗುತ್ತದೆ ಎಂದು ಕೋಡಿನ ಕಾರ್ಡನ್ನೂ ಕೊಟ್ಟಳು. ಅವನು ಹೊರಟ ಮೇಲೆ ಮನೆಗೆ ಹತ್ತಿ ಕೈ ತೊಳೆದಳು.